ಪಶುಕಾಮಿಗಳ ಮಾನ್ಯತೆಯ ಬೇಡಿಕೆ ಎಡವುವುದು ಎಲ್ಲಿ

2013ರ ಫೆಬ್ರವರಿ 1ರಂದು ಜರ್ಮನಿಯ ಸಂಸತ್ತಿನ ಮೇಲ್ಮನೆ ಬುಂಡೆಸ್‌ರಾಟ್, ಪ್ರಾಣಿ ಸಂರಕ್ಷಣಾ ಕಾಯ್ದೆಯ ತಿದ್ದುಪಡಿಯೊಂದಕ್ಕೆ ಒಪ್ಪಿಗೆ ನೀಡಿತು. ಪ್ರಾಣಿಗಳನ್ನು ಲೈಂಗಿಕ ಕ್ರಿಯೆಗೆ ಬಳಸಿದವರಿಗೆ 25,000 ಯೂರೊವರೆಗೆ ದಂಡ ವಿಧಿಸುವ ತಿದ್ದುಪಡಿ ಅದು. ಆ ಹೊತ್ತಿಗೆ ಬರ್ಲಿನ್‌ನ ಪಾಟ್ಸ್‌ಡಾಮರ್ ಪ್ಲಾಟ್ಸ್ ಚೌಕದಲ್ಲಿ ಸಣ್ಣದೊಂದು ಗುಂಪು ಫಲಕಗಳನ್ನು ಹಿಡಿದು ನಿಂತಿತ್ತು. ತಮ್ಮನ್ನು ಪಶುಕಾಮಿಗಳೆಂದು ಬಹಿರಂಗವಾಗಿಯೇ ಕರೆದುಕೊಂಡ ಅವರ ವಾದ ಹೀಗಿತ್ತು: ನಾವು ಪ್ರಾಣಿಗಳನ್ನು ಹಿಂಸಿಸುವವರಲ್ಲ, ಪ್ರೀತಿಸುವವರು, ಸರ್ಕಾರ ನಮ್ಮ ಮೇಲೆ ಹೇರುತ್ತಿರುವುದು ಬಹುಸಂಖ್ಯಾತರ ನೈತಿಕತೆಯನ್ನೇ ಹೊರತು ಪ್ರಾಣಿಗಳ ರಕ್ಷಣೆಯನ್ನಲ್ಲ. 'ಝೀಟಾ' ಎಂಬ ಹೆಸರಿನಲ್ಲಿ ಅವರಿಗೊಂದು ಸಂಘಟನೆಯೂ ಇತ್ತು. ಸಹಿಷ್ಣುತೆ ಮತ್ತು ತಿಳಿವಳಿಕೆ ಮೂಡಿಸುವುದು ತನ್ನ ಗುರಿ ಎಂದು ಅದು ಹೇಳಿಕೊಂಡಿತ್ತು.

ಹೆಚ್ಚಿನವರಿಗೆ ಈ ವಿಷಯ ಕಿವಿಗೆ ಬಿದ್ದ ಕೂಡಲೇ ಮೈ ಮುದುಡುತ್ತದೆ. ಮಾತು ಬದಲಿಸಬೇಕೆನಿಸುತ್ತದೆ. ಅದು ಸಹಜವೇ. ಆದರೆ ಅಸಹ್ಯವೊಂದನ್ನೇ ಉತ್ತರವಾಗಿ ಇಟ್ಟುಕೊಂಡರೆ ನಾವು ಸೋಲುತ್ತೇವೆ. ಒಂದು ಕಾಲದಲ್ಲಿ ಸಲಿಂಗಿಗಳ ಬಗ್ಗೆ, ಜಾತಿ ಮೀರಿ ಮದುವೆಯಾದವರ ಬಗ್ಗೆ ಜನರಲ್ಲಿ ಇದ್ದದ್ದೂ ಅಸಹ್ಯವೇ, ಅದು ತಪ್ಪಾಗಿತ್ತು. ಪಶುಕಾಮಿಗಳು ಇಂದು ಬೊಟ್ಟು ಮಾಡುತ್ತಿರುವುದು ಇದೇ ಜಾಗಕ್ಕೆ. 'ನಿಮ್ಮ ಅಸಹ್ಯ ಆಗ ತಪ್ಪಾಗಿದ್ದರೆ ಈಗ ಸರಿ ಎನ್ನಲು ಏನು ಆಧಾರ?' ಎಂಬ ಅವರ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಉತ್ತರ ಇದೆ, ಅದು ಗಟ್ಟಿಯಾಗಿಯೂ ಇದೆ. ಆದರೆ ಅದು ಇರುವುದು ನಮ್ಮ ಹೊಟ್ಟೆ ತೊಳಸುವಿಕೆಯಲ್ಲಲ್ಲ, ಪ್ರಾಣಿಯ ಸ್ಥಿತಿಯಲ್ಲಿ.

ಮೊದಲು ಇವರು ಯಾರು ಎಂಬುದನ್ನು ನೋಡೋಣ. ಪ್ರಾಣಿಗಳ ಬಗ್ಗೆ ಲೈಂಗಿಕ ಆಕರ್ಷಣೆ ಇರುವವರು ಎಲ್ಲ ಕಾಲದಲ್ಲಿಯೂ ಇದ್ದರು. ಆದರೆ ಅವರು ಒಬ್ಬರಿಗೊಬ್ಬರು ಪರಿಚಯವಾಗಿ, ತಮಗೊಂದು ಹೆಸರು, ಒಂದು ಲಾಂಛನ, ಒಂದು ನಡವಳಿಕೆಯ ಸಂಹಿತೆ ಕಟ್ಟಿಕೊಂಡದ್ದು 1990ರ ದಶಕದಲ್ಲಿ, ಇಂಟರ್ನೆಟ್ ಬಂದ ಮೇಲೆ. ಅದಕ್ಕೂ ಮೊದಲು ಅಂಥ ವ್ಯಕ್ತಿ ತನ್ನಂತೆ ಇನ್ನೊಬ್ಬ ಇದ್ದಾನೆಂದು ತಿಳಿಯದೆಯೇ ಬದುಕು ಮುಗಿಸುವುದಿತ್ತು. ಈಗ ಅವರು ತಮ್ಮನ್ನು 'ಝೂ' ಎಂದು ಚುಟುಕಾಗಿ ಕರೆದುಕೊಳ್ಳುತ್ತಾರೆ. ಗ್ರೀಕ್ ಅಕ್ಷರವಾದ ಝೀಟಾ ಅವರ ಗುರುತು. ಒಳಗೊಳಗೇ ಮೂರು ಬಗೆಯವರನ್ನು ಬೇರ್ಪಡಿಸುತ್ತಾರೆ. ಪ್ರಾಣಿಯೊಂದಿಗೆ ಭಾವನಾತ್ಮಕ ನಂಟು ಇದೆ ಎನ್ನುವವನು ಪಶುಕಾಮಿ. ಬರೀ ದೈಹಿಕ ತೃಪ್ತಿಗೆ ಪ್ರಾಣಿಯನ್ನು ಬಳಸುವವನು ಪಶುಗಾಮಿ. ಪ್ರಾಣಿಯನ್ನು ನೋಯಿಸುವುದರಲ್ಲಿ ಸುಖ ಕಾಣುವವನು ಪಶುಪೀಡಕ. ಮೊದಲನೆಯ ಗುಂಪಿನವರು ಉಳಿದ ಇಬ್ಬರನ್ನೂ ಖಂಡಿಸುತ್ತಾರೆ. ಮಾನ್ಯತೆ ಬೇಕಿರುವುದು ನಮಗೆ ಮಾತ್ರ, ಅವರಿಗಲ್ಲ ಎನ್ನುತ್ತಾರೆ.

ಈ ವಿಂಗಡಣೆ ಕೇಳಲು ಚೊಕ್ಕವಾಗಿದೆ. ಆದರೆ ಇದನ್ನು ಮಾಡಿದವರು ಯಾರು ಎಂಬುದನ್ನು ಮರೆಯಬಾರದು. ತಾನು ಯಾವ ಗುಂಪಿಗೆ ಸೇರಿದವನು ಎಂಬುದನ್ನು ಇಲ್ಲಿ ಪ್ರತಿಯೊಬ್ಬನೂ ತಾನೇ ಘೋಷಿಸಿಕೊಳ್ಳುತ್ತಾನೆ. ಪರೀಕ್ಷಿಸುವವರು ಯಾರೂ ಇಲ್ಲ. ಪ್ರಾಣಿಯ ಕಡೆಯಿಂದ ನೋಡಿದರೆ ಈ ಮೂರು ಹೆಸರುಗಳಲ್ಲಿ ಮೊದಲ ಎರಡರ ನಡುವೆ ಎಷ್ಟು ವ್ಯತ್ಯಾಸವಿದೆ ಎಂಬುದನ್ನು ಅಳೆಯಲು ಯಾವ ಮಾರ್ಗವೂ ಇಲ್ಲ.

ಸಂಶೋಧನೆಗಳ ಮಿತಿಯೂ ಇದೇ. 2002ರಲ್ಲಿ ಪ್ರಕಟವಾದ ಹಾನಿ ಮಿಲೆಟ್ಸ್ಕಿ ಅವರ ಅಧ್ಯಯನದಲ್ಲಿ 82 ಪುರುಷರು, 11 ಮಹಿಳೆಯರು ಸೇರಿ 93 ಮಂದಿ ಪ್ರಶ್ನಾವಳಿಗೆ ಉತ್ತರಿಸಿದ್ದರು. ಮರುವರ್ಷ ಕಾಲಿನ್ ವಿಲಿಯಮ್ಸ್ ಮತ್ತು ಮಾರ್ಟಿನ್ ವೈನ್‌ಬರ್ಗ್ 114 ಪುರುಷರನ್ನು ಅಧ್ಯಯನ ಮಾಡಿದರು. ಪಶುಕಾಮಿ ಎಂದರೆ ಹೆಣ್ಣು ಸಿಗದೆ ಪ್ರಾಣಿಯ ಬಳಿಗೆ ಹೋದ ಹಳ್ಳಿಗ ಎಂಬ ಹಳೆಯ ಚಿತ್ರವನ್ನು ಇವು ಅಳಿಸಿದವು. ಓದಿದವರು, ಉದ್ಯೋಗದಲ್ಲಿರುವವರು, ಮನುಷ್ಯ ಸಂಬಂಧ ಸಾಧ್ಯವಿದ್ದೂ ಪ್ರಾಣಿಯನ್ನೇ ಬಯಸುವವರು ಇದ್ದಾರೆಂದು ತೋರಿಸಿದವು. ಇದು ಮುಖ್ಯ ಮಾಹಿತಿಯೇ. ಆದರೆ ಈ ಅಧ್ಯಯನಗಳಲ್ಲಿ ಮಾತಾಡಿದವರು ತಾವಾಗಿಯೇ ಮುಂದೆ ಬಂದವರು, ತಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯ ಮೂಡಲಿ ಎಂದು ಬಯಸಿದವರು. 'ನನ್ನ ನಾಯಿ ಇದನ್ನು ಇಷ್ಟಪಡುತ್ತದೆ' ಎಂದು ಒಬ್ಬ ಬರೆದರೆ ಅದು ಅವನ ನಂಬಿಕೆಯ ದಾಖಲೆ ಮಾತ್ರ. ನಾಯಿಯ ಬಗ್ಗೆ ಅದು ಏನನ್ನೂ ಸಾಬೀತು ಮಾಡುವುದಿಲ್ಲ. ಚಳವಳಿಯ ಬರಹಗಳಲ್ಲಿ ಈ ಅಧ್ಯಯನಗಳನ್ನು ಉಲ್ಲೇಖಿಸುವಾಗ ಈ ಅಂತರವೇ ಮಾಯವಾಗುತ್ತದೆ.

ಸಂಖ್ಯೆಯ ವಿಷಯಕ್ಕೂ ಇದು ಅನ್ವಯಿಸುತ್ತದೆ. ಆಲ್ಫ್ರೆಡ್ ಕಿನ್ಸಿಯವರ 1948ರ ಸಮೀಕ್ಷೆ ಅಮೆರಿಕದ ಪುರುಷರಲ್ಲಿ ಸುಮಾರು ಶೇ 8ರಷ್ಟು ಮಂದಿಗೆ, 1953ರ ಸಮೀಕ್ಷೆ ಮಹಿಳೆಯರಲ್ಲಿ ಶೇ 3.6ರಷ್ಟು ಮಂದಿಗೆ ಒಮ್ಮೆಯಾದರೂ ಇಂಥ ಅನುಭವ ಆಗಿತ್ತೆಂದು ಹೇಳಿತು. ಮಾದರಿಯ ಆಯ್ಕೆ ಸರಿಯಿರಲಿಲ್ಲ ಎಂಬ ಟೀಕೆ ಆಗಲೇ ಬಂದಿತ್ತು. 1974ರ ಇನ್ನೊಂದು ಸಮೀಕ್ಷೆಯಲ್ಲಿ ಪ್ರಮಾಣ ಕಡಿಮೆಯಾಗಿತ್ತು. ಕೃಷಿಯಿಂದ ಜನ ನಗರಕ್ಕೆ ಸರಿದದ್ದು ಅದಕ್ಕೆ ಒಂದು ಕಾರಣವಿರಬಹುದು. ಹದಿವಯಸ್ಸಿನಲ್ಲಿ ಒಮ್ಮೆ ನಡೆದ ಘಟನೆಗೂ ಜೀವನವಿಡೀ ಉಳಿಯುವ ಆಕರ್ಷಣೆಗೂ ವ್ಯತ್ಯಾಸವಿದೆ. 'ನಾವು ಇಷ್ಟು ಕೋಟಿ ಜನರಿದ್ದೇವೆ' ಎನ್ನುವುದಕ್ಕೆ ಈ ಅಂಕಿಗಳು ಸಾಲುವುದಿಲ್ಲ.

ಈ ಚಳವಳಿ ತನ್ನ ಭಾಷೆಯನ್ನು ಎಲ್ಲಿಂದ ತಂದಿತು ಎಂಬುದು ಗಮನಾರ್ಹ. ಬಹುಪಾಲು ಸಲಿಂಗಿಗಳ ಹಕ್ಕಿನ ಹೋರಾಟದಿಂದ. ಇದು ಹುಟ್ಟಿನಿಂದ ಬಂದ ಒಲವು, ಆಯ್ಕೆಯಲ್ಲ. ಮನೆಯವರ ಮುಂದೆ ಬಹಿರಂಗಪಡಿಸುವ ಸಂಕಟ. ಬಣ್ಣದ ಪಟ್ಟಿಗಳ ಬಾವುಟ. ವಿರೋಧಿಸುವವರಿಗೆ 'ದ್ವೇಷಿಗಳು' ಎಂಬ ಹಣೆಪಟ್ಟಿ. ಎಲ್ಲವೂ ಅಲ್ಲಿಂದಲೇ ಬಂದವು. ಲೈಂಗಿಕ ಅಲ್ಪಸಂಖ್ಯಾತರ ಸಂಘಟನೆಗಳು ತಮ್ಮ ಸಾಲಿನಲ್ಲಿ ಇವರಿಗೆ ಸ್ಥಳವಿಲ್ಲ ಎಂದು ಬಾಗಿಲು ಹಾಕಿವೆ. ಅದಕ್ಕೆ ಕಾರಣವಿದೆ. ಸಲಿಂಗ ವಿವಾಹವನ್ನು ವಿರೋಧಿಸಿದವರು ದಶಕಗಳ ಕಾಲ ಹೇಳುತ್ತಾ ಬಂದದ್ದು ಇದನ್ನೇ: ಇಂದು ಇವರಿಗೆ ಒಪ್ಪಿದರೆ ನಾಳೆ ಪ್ರಾಣಿಗಳೊಂದಿಗೆ ಮದುವೆ ಕೇಳುತ್ತಾರೆ. ಆ ಅವಮಾನವನ್ನು ನುಂಗಿ, ವಯಸ್ಕರಿಬ್ಬರ ಪರಸ್ಪರ ಒಪ್ಪಿಗೆ ಎಂಬ ಒಂದೇ ತತ್ವವನ್ನು ಹಿಡಿದು ಗೆದ್ದವರು ಅವರು. ಅದೇ ತತ್ವವನ್ನು ಬದಿಗಿಟ್ಟು ಅವರ ಬಾವುಟದ ಪಕ್ಕದಲ್ಲಿ ನಿಲ್ಲುತ್ತೇನೆ ಎನ್ನುವುದು ಆ ಹೋರಾಟಕ್ಕೆ ಮಾಡುವ ಅನ್ಯಾಯ. ಪ್ರಾಣಿ ವೇಷ ತೊಟ್ಟು ಸಂಭ್ರಮಿಸುವ ಹವ್ಯಾಸಿಗಳ ಬಳಗವೂ, ಅಂದರೆ 'ಫರ್ರಿ'ಗಳೂ, ಈ ಗೊಂದಲಕ್ಕೆ ಬಲಿಯಾಗಿದ್ದಾರೆ. ಅವರಲ್ಲಿ ಬಹುಪಾಲು ಮಂದಿಗೆ ಪಶುಕಾಮದೊಂದಿಗೆ ಯಾವ ಸಂಬಂಧವೂ ಇಲ್ಲ.

ಕಾನೂನಿನ ಚರಿತ್ರೆಯನ್ನು ನೋಡಿದರೆ ಚಳವಳಿಯ ಒಂದು ಮಾತಿನಲ್ಲಿ ನಿಜಾಂಶವಿದೆ ಎಂದು ಒಪ್ಪಬೇಕಾಗುತ್ತದೆ. ಹಳೆಯ ಕಾನೂನುಗಳಿಗೆ ಪ್ರಾಣಿಯ ಬಗ್ಗೆ ಕಿಂಚಿತ್ತೂ ಕಾಳಜಿ ಇರಲಿಲ್ಲ. ಮೂರು ಸಾವಿರ ವರ್ಷಗಳಿಗೂ ಹಿಂದಿನ ಹಿಟ್ಟೈಟ್ ಕಾನೂನಿನಲ್ಲಿ ಹಸು, ಕುರಿ, ಹಂದಿ, ನಾಯಿಗಳೊಂದಿಗೆ ಕೂಡಿದರೆ ಮರಣದಂಡನೆ. ಕುದುರೆ ಅಥವಾ ಹೇಸರಗತ್ತೆಯಾದರೆ ಅಪರಾಧವೇ ಅಲ್ಲ, ಆದರೆ ಅಂಥವನು ರಾಜನ ಸಮೀಪ ಹೋಗುವಂತಿಲ್ಲ, ಪುರೋಹಿತನಾಗುವಂತಿಲ್ಲ. ಅಲ್ಲಿನ ಪ್ರಶ್ನೆ ಮಡಿ ಮೈಲಿಗೆಯದು, ನೋವಿನದಲ್ಲ. ಬೈಬಲಿನ ಯಾಜಕಕಾಂಡ ಮನುಷ್ಯನ ಜೊತೆಗೆ ಪ್ರಾಣಿಯನ್ನೂ ಕೊಲ್ಲಬೇಕೆಂದು ವಿಧಿಸಿತು. ಯುರೋಪಿನಲ್ಲಿ ಶತಮಾನಗಳ ಕಾಲ ಅದೇ ನಡೆಯಿತು. 1642ರಲ್ಲಿ ಅಮೆರಿಕದ ಪ್ಲಿಮತ್ ವಸಾಹತಿನಲ್ಲಿ ಥಾಮಸ್ ಗ್ರೇಂಜರ್ ಎಂಬ ಹದಿಹರೆಯದ ಆಳನ್ನು ಗಲ್ಲಿಗೇರಿಸುವ ಮೊದಲು ಕುದುರೆ, ಹಸು, ಕುರಿ, ಮೇಕೆಗಳನ್ನು ಅವನ ಕಣ್ಣೆದುರೇ ಕೊಂದರು. ಆ ಪ್ರಾಣಿಗಳು ಮಾಡಿದ ತಪ್ಪೇನು ಎಂದು ಆ ಕಾನೂನು ಕೇಳಲೇ ಇಲ್ಲ.

ಒಂದು ಪ್ರಕರಣದಲ್ಲಿ ಮಾತ್ರ ಕೇಳಿತು. 1750ರಲ್ಲಿ ಪ್ಯಾರಿಸ್ ಸಮೀಪದ ವಾನ್ವ್‌ನಲ್ಲಿ ಜಾಕ್ ಫೆರೋನ್ ಎಂಬವನು ಹೆಣ್ಣು ಕತ್ತೆಯೊಂದಿಗೆ ಸಿಕ್ಕಿಬಿದ್ದ. ಅವನಿಗೆ ಮರಣದಂಡನೆಯಾಯಿತು. ವಾಡಿಕೆಯಂತೆ ಕತ್ತೆಗೂ ಸಾವೇ ಕಾದಿತ್ತು. ಆದರೆ ಅಲ್ಲಿನ ಮಠದ ಮುಖ್ಯಸ್ಥರೂ ಊರಿನ ಗಣ್ಯರೂ ಸಹಿ ಹಾಕಿದ ಪತ್ರವೊಂದು ನ್ಯಾಯಾಲಯಕ್ಕೆ ಬಂತು. ಈ ಕತ್ತೆಯನ್ನು ತಾವು ನಾಲ್ಕು ವರ್ಷಗಳಿಂದ ಬಲ್ಲೆವು, ಮನೆಯಲ್ಲಾಗಲಿ ಹೊರಗಾಗಲಿ ಅದರ ನಡತೆ ಸದಾ ಒಳ್ಳೆಯದಾಗಿತ್ತು ಎಂದು ಅದರಲ್ಲಿತ್ತು. ಕತ್ತೆ ಹಿಂಸೆಗೆ ಒಳಗಾಗಿದೆ, ತನ್ನ ಇಚ್ಛೆಯಿಂದ ಈ ಕೃತ್ಯದಲ್ಲಿ ಪಾಲ್ಗೊಂಡಿಲ್ಲ ಎಂಬ ಕಾರಣಕ್ಕೆ ಅದನ್ನು ಖುಲಾಸೆ ಮಾಡಲಾಯಿತು. ಪತ್ರದ ಭಾಷೆ ಇಂದು ವಿಚಿತ್ರವೆನಿಸಬಹುದು. ಆದರೂ ಆ ನ್ಯಾಯಾಲಯ ಸರಿಯಾದ ಪ್ರಶ್ನೆಯನ್ನೇ ಕೇಳಿತ್ತು. ಆ ಪ್ರಶ್ನೆಗೆ ಕಾನೂನುಗಳಲ್ಲಿ ಜಾಗ ಸಿಗಲು ಮತ್ತೆ ಎರಡೂವರೆ ಶತಮಾನ ಬೇಕಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಯುರೋಪಿನ ದೇಶಗಳು 'ಪ್ರಕೃತಿ ವಿರುದ್ಧ' ಎಂಬ ಅಪರಾಧಗಳನ್ನು ಒಂದೊಂದಾಗಿ ಕೈಬಿಟ್ಟವು. ಸ್ವೀಡನ್ 1944ರಲ್ಲಿ, ಪಶ್ಚಿಮ ಜರ್ಮನಿ 1969ರಲ್ಲಿ, ನಾರ್ವೆ 1972ರಲ್ಲಿ. ಪಾಪವನ್ನು ಶಿಕ್ಷಿಸುವುದು ಸರ್ಕಾರದ ಕೆಲಸವಲ್ಲ ಎಂಬುದು ಆಗಿನ ತಿಳಿವಳಿಕೆ, ಸರಿಯಾದ ತಿಳಿವಳಿಕೆಯೇ. ಆದರೆ ಸಲಿಂಗಿಗಳನ್ನೂ ಪ್ರಾಣಿಗಳೊಂದಿಗಿನ ಕೃತ್ಯವನ್ನೂ ಹಳೆಯ ಕಾನೂನು ಒಂದೇ ಗಂಟಿನಲ್ಲಿ ಕಟ್ಟಿತ್ತು. ಗಂಟು ಬಿಚ್ಚಿದಾಗ ಸಲಿಂಗಿಗಳಿಗೆ ಬಿಡುಗಡೆ ಸಿಕ್ಕಿತು, ಪ್ರಾಣಿಗಳು ಯಾವ ರಕ್ಷಣೆಯೂ ಇಲ್ಲದೆ ಉಳಿದವು. ಹಿಂಸೆ ನಡೆದರೆ ಪ್ರಾಣಿಹಿಂಸೆ ತಡೆ ಕಾನೂನು ಇದೆಯಲ್ಲ ಎಂಬ ಸಮಾಧಾನ ಇತ್ತು. ಆ ಕಾನೂನುಗಳು ಕೇಳುವುದು ಗಾಯದ ಪುರಾವೆ. ಗಾಯ ಕಾಣದಿದ್ದರೆ ಪ್ರಕರಣವೇ ಇಲ್ಲ.

ಹಾಗಾಗಿಯೇ ಈ ಶತಮಾನದಲ್ಲಿ ಯುರೋಪಿನ ಉದಾರವಾದಿ ದೇಶಗಳು ಒಂದರ ಹಿಂದೆ ಒಂದರಂತೆ ನಿಷೇಧವನ್ನು ಮರಳಿ ತಂದವು. ಫ್ರಾನ್ಸ್ 2004, ಬೆಲ್ಜಿಯಂ 2007, ನೆದರ್ಲೆಂಡ್ಸ್ 2010, ಜರ್ಮನಿ 2013, ಸ್ವೀಡನ್ 2014, ಡೆನ್ಮಾರ್ಕ್ 2015. ನಾರ್ವೆಯೂ ಹೊಸ ಪ್ರಾಣಿ ಕಲ್ಯಾಣ ಕಾಯ್ದೆಯಲ್ಲಿ ಇದನ್ನು ಸೇರಿಸಿತು. ಇವು ಸಲಿಂಗ ವಿವಾಹವನ್ನು ಒಪ್ಪಿದ, ಅಥವಾ ಒಪ್ಪುವ ಹಾದಿಯಲ್ಲಿದ್ದ ದೇಶಗಳು. ಇದನ್ನು ಸಂಪ್ರದಾಯವಾದದ ಮರುಕಳಿಕೆ ಎಂದು ಕರೆಯಲು ಬರುವುದಿಲ್ಲ. ಹಳೆಯ ನಿಷೇಧ ಇದ್ದದ್ದು ಧರ್ಮದ ಹೆಸರಿನಲ್ಲಿ. ಹೊಸ ನಿಷೇಧ ಬಂದದ್ದು ಬಹುಮಟ್ಟಿಗೆ ಪ್ರಾಣಿ ರಕ್ಷಣೆಯ ಹೆಸರಿನಲ್ಲಿ. ಡೆನ್ಮಾರ್ಕ್‌ನ ಸಂಸತ್ತಿನಲ್ಲಿ ಮಸೂದೆ 91–75 ಮತಗಳಿಂದ ಗೆದ್ದಿತು. ಪ್ರಾಣಿ 'ಬೇಡ' ಎನ್ನಲಾರದು, ಹಾಗಿರುವಾಗ ಸಂಶಯದ ಲಾಭ ಅದಕ್ಕೇ ಸಿಗಬೇಕು ಎಂಬುದು ಅಲ್ಲಿನ ಸರ್ಕಾರದ ನಿಲುವಾಗಿತ್ತು. ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ನ್ಯಾಯವಾಗಿ ಕಾಣುವುದು ಈ ಮಾತು.

ಜರ್ಮನಿಯಲ್ಲಿ ಚಳವಳಿಗಾರರು ಸುಮ್ಮನಾಗಲಿಲ್ಲ. ತಮ್ಮ ಲೈಂಗಿಕ ಸ್ವಯಂನಿರ್ಣಯದ ಹಕ್ಕಿಗೆ ಧಕ್ಕೆಯಾಗಿದೆ ಎಂದು ಇಬ್ಬರು ಸಾಂವಿಧಾನಿಕ ನ್ಯಾಯಾಲಯದ ಮೆಟ್ಟಿಲೇರಿದರು. 2015ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಅರ್ಜಿಯನ್ನು ವಿಚಾರಣೆಗೆ ಎತ್ತಿಕೊಳ್ಳಲು ನಿರಾಕರಿಸಿತು. ಹಕ್ಕಿಗೆ ಧಕ್ಕೆಯಾಗುತ್ತದೆ ಎಂಬುದನ್ನು ಅದು ಅಲ್ಲಗಳೆಯಲಿಲ್ಲ. ಆದರೆ ಪ್ರಾಣಿಗಳ ರಕ್ಷಣೆ 2002ರಿಂದ ಜರ್ಮನಿಯ ಸಂವಿಧಾನದಲ್ಲೇ ಇರುವ ಗುರಿ. ಪ್ರಾಣಿಯನ್ನು ಅದರ ಜಾತಿಸಹಜವಲ್ಲದ ವರ್ತನೆಗೆ ಬಲವಂತ ಮಾಡುವುದನ್ನು ತಡೆಯಲು ಈ ನಿರ್ಬಂಧ ಸಮರ್ಥನೀಯ ಎಂದಿತು. ಅಂದರೆ ಇಲ್ಲಿ ತೂಗಿದ್ದು ಮನುಷ್ಯನ ಹಕ್ಕನ್ನೂ ಪ್ರಾಣಿಯ ಹಿತವನ್ನೂ. ಬಹುಸಂಖ್ಯಾತರ ನೈತಿಕತೆ ತಕ್ಕಡಿಗೆ ಬರಲೇ ಇಲ್ಲ.

ಇನ್ನು ಒಪ್ಪಿಗೆಯ ಪ್ರಶ್ನೆಗೆ ಬರೋಣ. ಚಳವಳಿ ಇದಕ್ಕೆ ಕೊಡುವ ಮೊದಲ ಉತ್ತರ: ಪ್ರಾಣಿ ಬಾಯಲ್ಲಿ ಹೇಳದಿದ್ದರೂ ಮೈಯಲ್ಲಿ ಹೇಳುತ್ತದೆ. ಬೇಡವಾದರೆ ಕಚ್ಚುತ್ತದೆ, ಒದೆಯುತ್ತದೆ, ಓಡಿಹೋಗುತ್ತದೆ. ಹಾಗೆ ಮಾಡದಿದ್ದರೆ ಒಪ್ಪಿದೆ ಎಂದೇ ಅರ್ಥ.

ಸಾಕುನಾಯಿಯ ದಿನವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅದು ಯಾವಾಗ ತಿನ್ನಬೇಕು, ಯಾವಾಗ ಹೊರಗೆ ಹೋಗಬೇಕು, ಎಲ್ಲಿ ಮಲಗಬೇಕು, ಯಾರೊಡನೆ ಬೆರೆಯಬೇಕು ಎಂಬುದನ್ನೆಲ್ಲ ತೀರ್ಮಾನಿಸುವವನು ಒಬ್ಬನೇ. ಬಾಗಿಲ ಚಿಲಕ ಅವನ ಕೈಯಲ್ಲಿದೆ, ಕೊರಳಪಟ್ಟಿ ಅವನ ಕೈಯಲ್ಲಿದೆ. ಮರಿಯಾಗಿದ್ದಾಗಿನಿಂದ ಅವನ ಮುಖ ಗಂಟಿಕ್ಕಿದರೆ ಹೆದರಲು, ನಕ್ಕರೆ ಹತ್ತಿರ ಹೋಗಲು ಅದು ಕಲಿತಿದೆ. ತಿನಿಸು ಕೊಟ್ಟು ಹೊಗಳಿದರೆ ಯಾವುದೇ ವರ್ತನೆಯನ್ನು ಅದಕ್ಕೆ ಕಲಿಸಬಹುದು ಎಂಬುದು ನಾಯಿ ತರಬೇತಿಯ ಮೊದಲ ಪಾಠ. ಹೀಗೆ ಕಲಿಸಿದ ವರ್ತನೆಯನ್ನು ಅದರ ಸ್ವಂತ ಬಯಕೆ ಎಂದು ಓದಿಕೊಳ್ಳುವುದು ಎಷ್ಟು ಸುಲಭ! ಇನ್ನು ಬೇಡವಾದಾಗ ನಾಯಿ ಮಾಡುವುದೇನು? ಕಚ್ಚುವುದು ಕೊನೆಯ ಹಂತ. ಅದಕ್ಕೂ ಮೊದಲು ಅದು ತುಟಿ ನೆಕ್ಕಿಕೊಳ್ಳುತ್ತದೆ, ಆಕಳಿಸುತ್ತದೆ, ಕಣ್ಣು ತಪ್ಪಿಸಿ ಬೇರೆಡೆ ನೋಡುತ್ತದೆ, ಕಿವಿಗಳನ್ನು ಹಿಂದಕ್ಕೆ ಒತ್ತಿಕೊಳ್ಳುತ್ತದೆ, ಬಾಲವನ್ನು ಕಾಲುಗಳ ನಡುವೆ ಸೆಳೆದುಕೊಳ್ಳುತ್ತದೆ, ಕಡೆಗೆ ಮೈ ಬಿಗಿಹಿಡಿದು ಅಲುಗಾಡದೆ ನಿಂತುಬಿಡುತ್ತದೆ. ಪ್ರಾಣಿ ವರ್ತನೆಯನ್ನು ಬಲ್ಲವರು ಇವನ್ನು ಒತ್ತಡದ, ಶರಣಾಗತಿಯ ಲಕ್ಷಣಗಳೆಂದು ಗುರುತಿಸುತ್ತಾರೆ. ತನಗೆ ಬೇಕಾದ ಉತ್ತರವನ್ನೇ ಎದುರು ನೋಡುತ್ತಿರುವ ಮನುಷ್ಯನಿಗೆ ಆ ಅಲುಗಾಡದ ಮೈ 'ವಿರೋಧವಿಲ್ಲ' ಎಂದೇ ಕಾಣುತ್ತದೆ. ಕಟ್ಟಿಹಾಕಿದ ಕುದುರೆಗೂ ದೊಡ್ಡಿಯೊಳಗಿನ ಕುರಿಗೂ ಈ ಮಾತು ಇನ್ನಷ್ಟು ಹೊಂದುತ್ತದೆ.

ಅಪರಾಧಶಾಸ್ತ್ರಜ್ಞ ಪಿಯರ್ಸ್ ಬೈರ್ನ್ 1997ರಲ್ಲಿ ಇದನ್ನು 'ಜೀವಜಾತಿಗಳ ನಡುವಿನ ಲೈಂಗಿಕ ಆಕ್ರಮಣ' ಎಂದು ಕರೆಯಬೇಕೆಂದು ವಾದಿಸಿದರು. ಮನುಷ್ಯ ಮತ್ತು ಸಾಕುಪ್ರಾಣಿಯ ಸಂಬಂಧದಲ್ಲಿ ಬಲಾತ್ಕಾರದ ಅಂಶ ಸದಾ ಇರುತ್ತದೆ. ಒಪ್ಪಿಗೆಯನ್ನು ನಾವು ಅರ್ಥಮಾಡಿಕೊಳ್ಳುವ ರೀತಿಯಲ್ಲಿ ಪ್ರಾಣಿ ತಿಳಿಸಲಾರದು. ನಡೆದ ದೌರ್ಜನ್ಯವನ್ನು ಬೇರೆಯವರಿಗೆ ಹೇಳಲೂ ಆರದು. ಮೂರನೆಯ ಅಂಶವನ್ನು ಹೆಚ್ಚಿನ ಚರ್ಚೆಗಳು ಬಿಟ್ಟುಬಿಡುತ್ತವೆ. ಒಪ್ಪಿಗೆಗೆ ಅರ್ಥ ಬರುವುದು ಅದನ್ನು ಹಿಂದಕ್ಕೆ ಪಡೆಯುವ, ನಂತರ ದೂರು ಹೇಳುವ, ಸಂಬಂಧವನ್ನು ಬಿಟ್ಟು ಹೊರನಡೆಯುವ ದಾರಿ ಇದ್ದಾಗ. ಮಕ್ಕಳ ವಿಷಯದಲ್ಲಿ ಕಾನೂನು ನಿಂತಿರುವುದೂ ಈ ನೆಲೆಯಲ್ಲಿಯೇ. ಮಗು ನಕ್ಕಿತು, ಹತ್ತಿರ ಬಂತು ಎಂಬುದನ್ನು ಯಾವ ನ್ಯಾಯಾಲಯವೂ ಒಪ್ಪಿಗೆ ಎಂದು ಎಣಿಸುವುದಿಲ್ಲ.

ಎರಡನೆಯ ವಾದ ಇದಕ್ಕಿಂತ ಬಲವಾದುದು. ಪ್ರಾಣಿಯ ಒಪ್ಪಿಗೆ ಕೇಳಿ ನೀವು ಅದನ್ನು ಕೊಂದು ತಿನ್ನುತ್ತೀರಾ? ಹೈನುಗಾರಿಕೆಯಲ್ಲಿ ಕೃತಕ ಗರ್ಭಧಾರಣೆ ಮಾಡುವಾಗ ಹಸುವನ್ನು ಕೇಳುತ್ತೀರಾ? ತತ್ವಜ್ಞಾನಿ ಪೀಟರ್ ಸಿಂಗರ್ 2001ರ ಪ್ರಬಂಧವೊಂದರಲ್ಲಿ, ಈ ನಿಷೇಧದ ಹಿಂದೆ ಮನುಷ್ಯ ತಾನು ಪ್ರಾಣಿಗಳಿಗಿಂತ ಬೇರೆ ಎಂದು ತೋರಿಸಿಕೊಳ್ಳುವ ಹಂಬಲವಿದೆ ಎಂದು ಬರೆದು ಬಿರುಗಾಳಿ ಎಬ್ಬಿಸಿದರು. 2023ರಲ್ಲಿ, ಅವರು ಸಹಸಂಪಾದಕರಾಗಿರುವ ವಿವಾದಾತ್ಮಕ ವಿಚಾರಗಳ ನಿಯತಕಾಲಿಕವೊಂದರಲ್ಲಿ, ಗುಪ್ತನಾಮದ ಲೇಖಕರೊಬ್ಬರು ಪಶುಕಾಮ ನೈತಿಕವಾಗಿ ಒಪ್ಪಬಹುದಾದದ್ದು ಎಂದೇ ವಾದಿಸಿದರು. ಚಳವಳಿಗೆ ಇಂಥ ಬರಹಗಳು ವಿದ್ವತ್ತಿನ ಮುದ್ರೆಯಂತೆ ಒದಗುತ್ತವೆ.

ಮಾಂಸೋದ್ಯಮದ ಕ್ರೌರ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ತಿರುಗಲೂ ಜಾಗವಿಲ್ಲದ ಪಂಜರದಲ್ಲಿ ಬದುಕು ಸವೆಸುವ ಹಂದಿಗೆ ನಮ್ಮ ಕಾನೂನುಗಳು ನ್ಯಾಯ ಕೊಟ್ಟಿಲ್ಲ, ನಿಜ. ಈ ವಾದ ನಮ್ಮ ಆಷಾಢಭೂತಿತನವನ್ನು ಎತ್ತಿ ತೋರಿಸುತ್ತದೆ, ಅಲ್ಲಿಯವರೆಗೆ ಅದು ಸರಿ. ಆದರೆ ಅಲ್ಲಿಂದ ಮುಂದಿನ ಹೆಜ್ಜೆ ಎತ್ತ ಇಡಬೇಕು? ಒಂದು ಕಡೆ ಪ್ರಾಣಿಗೆ ಅನ್ಯಾಯ ನಡೆಯುತ್ತಿದೆ ಎಂದಾದರೆ ಆ ಅನ್ಯಾಯವನ್ನು ಕಡಿಮೆ ಮಾಡಬೇಕು. ಅದನ್ನು ತೋರಿಸಿ ಇನ್ನೊಂದಕ್ಕೆ ಪರವಾನಗಿ ಕೇಳುವುದು ನ್ಯಾಯದ ದಾರಿಯಲ್ಲ. ಪ್ರಾಣಿಯ ಪರವಾಗಿ ಮಾತಾಡುತ್ತಿರುವಂತೆ ಕಾಣುವ ಈ ವಾದ ಕೊನೆಗೆ ಪ್ರಾಣಿಗೆ ಏನನ್ನೂ ಕೊಡುವುದಿಲ್ಲ. ಇನ್ನೊಂದು ಮಾತೂ ಇದೆ. ನಾವು ಪ್ರಾಣಿಯನ್ನು ಪ್ರೇಮಿಯಂತೆ, ಸಂಗಾತಿಯಂತೆ ಕಾಣುತ್ತೇವೆ ಎನ್ನುವವರು ಅದೇ ಉಸಿರಿನಲ್ಲಿ, ಹೇಗೂ ತಿನ್ನುವ ವಸ್ತುವಿಗೆ ಒಪ್ಪಿಗೆಯ ಪ್ರಶ್ನೆ ಏಕೆ ಎಂದು ಕೇಳಿದರೆ ಎರಡರಲ್ಲಿ ಒಂದು ಸುಳ್ಳಾಗಲೇಬೇಕು. ಸಂಗಾತಿಯಾದರೆ ಅದರ ಇಚ್ಛೆ ಲೆಕ್ಕಕ್ಕೆ ಬರಬೇಕು. ವಸ್ತುವಾದರೆ ಪ್ರೀತಿಯ ಮಾತನ್ನು ಬಿಡಬೇಕು.

ಹಾನಿಯೇ ಇಲ್ಲ ಎಂಬ ಮೂರನೆಯ ವಾದಕ್ಕೆ ಪಶುವೈದ್ಯರ ದಾಖಲೆಗಳು ಉತ್ತರಿಸುತ್ತವೆ. ಬ್ರಿಟನ್ನಿನಲ್ಲಿ ಹೆಲೆನ್ ಮನ್ರೋ ಮತ್ತು ಮೈಕೆಲ್ ಥ್ರಸ್‌ಫೀಲ್ಡ್ 2001ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಪಶುವೈದ್ಯರು ವರದಿ ಮಾಡಿದ, ಆಕಸ್ಮಿಕವಲ್ಲದ ಗಾಯಗಳ 448 ಪ್ರಕರಣಗಳು ಬಂದಿದ್ದವು. ಅವುಗಳಲ್ಲಿ ಶೇ 6ರಷ್ಟು ಲೈಂಗಿಕ ಸ್ವರೂಪದವು. ಆಂತರಿಕ ಗಾಯಗಳೂ ಸಾವೂ ಅದರಲ್ಲಿದ್ದವು. ಗಾಯವಾದ ಪ್ರಾಣಿಯನ್ನು ವೈದ್ಯರ ಬಳಿಗೆ ತಂದವರ ಲೆಕ್ಕ ಮಾತ್ರ ಇದು. ಮನೆಯೊಳಗೇ ಉಳಿದವು ಇದರಲ್ಲಿಲ್ಲ. 1975ರಿಂದ 2015ರವರೆಗೆ ಅಮೆರಿಕದಲ್ಲಿ ನಡೆದ 456 ಬಂಧನಗಳನ್ನು ಪರಿಶೀಲಿಸಿದ ಇನ್ನೊಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಬಂಧಿತರಲ್ಲಿ ಮೂರನೇ ಒಂದರಷ್ಟು ಮಂದಿ ಮಕ್ಕಳ ಅಥವಾ ವಯಸ್ಕರ ಮೇಲೂ ಲೈಂಗಿಕ ಅಪರಾಧ ಎಸಗಿದ್ದರು. ಸಿಕ್ಕಿಬಿದ್ದವರ ಲೆಕ್ಕವನ್ನು ಎಲ್ಲ ಪಶುಕಾಮಿಗಳಿಗೂ ಹಚ್ಚುವುದು ತಪ್ಪು, ಅದನ್ನು ಸ್ಪಷ್ಟವಾಗಿ ಹೇಳಬೇಕು. ಆದರೂ ಪೊಲೀಸರು ಇಂಥ ಪ್ರಕರಣವನ್ನು ಕ್ಷುಲ್ಲಕವೆಂದು ತಳ್ಳಿಹಾಕಬಾರದು ಎಂಬುದಕ್ಕೆ ಇಷ್ಟು ಸಾಕು. 2018ರಲ್ಲಿ ಸೋರಿಕೆಯಾದ ಕೆಲವು ಟೆಲಿಗ್ರಾಂ ಸಂಭಾಷಣೆಗಳಲ್ಲಿ ಪ್ರಾಣಿಗಳ ಮೇಲಿನ ಚಿತ್ರಹಿಂಸೆಯ ಮಾತುಕತೆಗಳು ಹೊರಬಂದಾಗ, 'ಪಶುಪೀಡಕರನ್ನು ನಾವು ದೂರ ಇಟ್ಟಿದ್ದೇವೆ' ಎಂಬ ಬಳಗದ ಭರವಸೆಯ ತಳಪಾಯವೇ ಅಲ್ಲಾಡಿತು. ಯಾರೂ ಕಾಣದ, ಯಾರೂ ದೂರು ಕೊಡಲಾರದ ಜಾಗದಲ್ಲಿ ಸ್ವಯಂ ನಿಯಂತ್ರಣ ಎಂಬುದಕ್ಕೆ ಹಿಡಿತ ಸಿಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಆಕರ್ಷಣೆ ಮತ್ತು ಕೃತ್ಯ ಎರಡನ್ನೂ ಒಂದೇ ಎಂದು ನಾನು ಎಣಿಸಲಾರೆ. ಯಾರೂ ಇಂಥ ಆಕರ್ಷಣೆಯನ್ನು ಬಯಸಿ ಪಡೆದುಕೊಳ್ಳುವುದಿಲ್ಲ. ವೈದ್ಯಶಾಸ್ತ್ರವೂ ಈ ಗೆರೆಯನ್ನು ಎಳೆಯುತ್ತದೆ. ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿ ಅಸಾಮಾನ್ಯ ಲೈಂಗಿಕ ಒಲವನ್ನು ಅದೊಂದೇ ಕಾರಣಕ್ಕೆ ಕಾಯಿಲೆ ಎನ್ನುವುದಿಲ್ಲ. ಅದರಿಂದ ವ್ಯಕ್ತಿಗೆ ಯಾತನೆಯಾದಾಗ ಅಥವಾ ಬೇರೆಯವರಿಗೆ ಹಾನಿಯಾದಾಗ ಮಾತ್ರ ಅಸ್ವಸ್ಥತೆ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ, 2022ರಿಂದ ಜಾರಿಯಲ್ಲಿರುವ ರೋಗ ವರ್ಗೀಕರಣದಲ್ಲಿ ಸಲಿಂಗ ಒಲವಿಗೆ ಜಾಗವೇ ಇಲ್ಲ. ಪ್ರಾಣಿಗಳ ಬಗೆಗಿನ ಆಕರ್ಷಣೆಯನ್ನು ಮಾತ್ರ ಅದು, ಒಪ್ಪಿಗೆ ಕೊಡಲಾಗದವರನ್ನು ಒಳಗೊಂಡ ಲೈಂಗಿಕ ಅಸ್ವಸ್ಥತೆಗಳ ಸಾಲಿನಲ್ಲಿ ಉದಾಹರಣೆಯಾಗಿ ಹೆಸರಿಸುತ್ತದೆ. ಚಳವಳಿ ಒಂದೇ ಎನ್ನುವ ಎರಡು ವಿಷಯಗಳನ್ನು ವೈದ್ಯಶಾಸ್ತ್ರ ಬೇರ್ಪಡಿಸಿರುವುದು ಒಪ್ಪಿಗೆಯ ಅದೇ ಗೆರೆಯಲ್ಲಿ.

ಒಬ್ಬ ಹದಿನೇಳರ ಹುಡುಗ ತನ್ನೊಳಗೆ ಈ ಆಕರ್ಷಣೆಯನ್ನು ಕಂಡು ಹೆದರಿದ್ದಾನೆ ಎಂದುಕೊಳ್ಳಿ. ಅವನು ಯಾರ ಬಳಿ ಹೋಗಬೇಕು? ಮನೆಯಲ್ಲಿ ಹೇಳಲಾರ. ಆಪ್ತಸಮಾಲೋಚಕರ ಬಳಿ ಹೇಳಿದರೆ ಅವರ ಮುಖವೇ ಬದಲಾಗಬಹುದು. ಅವನ ಮಾತನ್ನು ತಾಳ್ಮೆಯಿಂದ ಕೇಳುವುದು ಇಂಟರ್ನೆಟ್ಟಿನ ಆ ಬಳಗ ಮಾತ್ರ. ನಿನ್ನಲ್ಲಿ ಏನೂ ತಪ್ಪಿಲ್ಲ, ಮುಂದುವರಿ ಎಂದು ಅದು ಬೆನ್ನು ತಟ್ಟುತ್ತದೆ. ಮಾನ್ಯತೆಯ ಚಳವಳಿಗೆ ಹೊಸಬರು ಸಿಗುವುದು ವಾದದ ಬಲದಿಂದಲ್ಲ, ಈ ಒಂಟಿತನದಿಂದ. ಕೃತ್ಯ ಎಸಗದೆ, ನೆರವು ಕೇಳಿ ಬರುವವನನ್ನು ನಾಚಿಸದೆ ಬರಮಾಡಿಕೊಳ್ಳುವ ಮನೋವೈದ್ಯರು, ಗೋಪ್ಯತೆಯ ಖಾತರಿ ಇರುವ ಚಿಕಿತ್ಸೆ, ಇವು ಇದ್ದರೆ ಪ್ರಾಣಿಗಳಿಗೂ ಒಳ್ಳೆಯದು, ಆ ಹುಡುಗನಿಗೂ ಒಳ್ಳೆಯದು. ಈ ವ್ಯಕ್ತಿಗಳ ಬಗ್ಗೆ ಸಮಾಜ ತೋರಬೇಕಾದ ಸಹಿಷ್ಣುತೆ ಯಾವುದಾದರೂ ಇದ್ದರೆ ಅದು ಇಲ್ಲಿದೆ.

ಕೃತ್ಯದ ವಿಷಯದಲ್ಲಿ ಕಾನೂನಿನ ಮಾತು ಸ್ಪಷ್ಟವಾಗಿರಬೇಕು. ಸ್ಪಷ್ಟವಾಗಿಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಗಳಿವೆ. 2005ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಇನಮ್‌ಕ್ಲಾ ಬಳಿ ಕುದುರೆಯೊಂದಿಗಿನ ಕೃತ್ಯದಲ್ಲಿ ವ್ಯಕ್ತಿಯೊಬ್ಬ ಸತ್ತಾಗ, ಅಲ್ಲಿ ಇದನ್ನು ತಡೆಯುವ ಕಾನೂನೇ ಇಲ್ಲವೆಂದು ತಿಳಿಯಿತು. ಜೊತೆಗಿದ್ದವನ ಮೇಲೆ ಹೊರಿಸಲು ಸಾಧ್ಯವಾದದ್ದು ಬೇರೆಯವರ ಜಾಗಕ್ಕೆ ಅತಿಕ್ರಮ ಪ್ರವೇಶ ಮಾಡಿದ ಆರೋಪ ಮಾತ್ರ. ಮರುವರ್ಷ ಆ ರಾಜ್ಯ ಕಾನೂನು ಮಾಡಿತು. ಕೆನಡಾದ ಸುಪ್ರೀಂ ಕೋರ್ಟ್ 2016ರಲ್ಲಿ, ಹಳೆಯ ಶಾಸನದ ಪ್ರಕಾರ ಸಂಭೋಗ ನಡೆದಿದ್ದರೆ ಮಾತ್ರ ಅದು ಅಪರಾಧ, ಉಳಿದ ಲೈಂಗಿಕ ಕೃತ್ಯಗಳು ಅದರಡಿ ಬರುವುದಿಲ್ಲ ಎಂದು ತೀರ್ಪಿತ್ತಿತು. ಆ ಬಿರುಕು ಮುಚ್ಚಲು ಸಂಸತ್ತು 2019ರಲ್ಲಿ 'ಲೈಂಗಿಕ ಉದ್ದೇಶದಿಂದ ಪ್ರಾಣಿಯೊಂದಿಗೆ ನಡೆಸುವ ಯಾವುದೇ ಸಂಪರ್ಕ' ಎಂಬ ವ್ಯಾಖ್ಯೆಯನ್ನು ತಂದಿತು. ಗಾಯದ ಪುರಾವೆ ಬೇಡ, ಬಲವಂತದ ಪುರಾವೆ ಬೇಡ. ಕೃತ್ಯ ನಡೆದರೆ ಸಾಕು. ಜರ್ಮನಿಯ ಕಾನೂನಿನಲ್ಲಿ 'ಬಲವಂತ' ಎಂಬ ಪದ ಉಳಿದಿರುವುದರಿಂದ ಅಲ್ಲಿನ ಪಶುಕಾಮಿಗಳು ತಾವು ಬಲವಂತ ಮಾಡುವುದಿಲ್ಲವಾದ್ದರಿಂದ ಅದು ತಮಗೆ ಅನ್ವಯಿಸುವುದಿಲ್ಲ ಎಂದು ವಾದಿಸಲು ಆಸ್ಪದವಿದೆ. ಕೆನಡಾದ ವ್ಯಾಖ್ಯೆಯಲ್ಲಿ ಆ ಕಿಂಡಿ ಇಲ್ಲ.

ಭಾರತದ ಸ್ಥಿತಿ ಜರ್ಮನಿಯ 1969ರ ಸ್ಥಿತಿಯನ್ನು ಹೋಲುತ್ತದೆ. ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ ಸಲಿಂಗ ಸಂಬಂಧವನ್ನೂ ಪ್ರಾಣಿಗಳೊಂದಿಗಿನ ಕೃತ್ಯವನ್ನೂ ಒಂದೇ ವಾಕ್ಯದಲ್ಲಿ ಹಿಡಿದಿಟ್ಟಿತ್ತು. 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಳೆದ ಗೆರೆ ಒಪ್ಪಿಗೆಯದ್ದೇ: ವಯಸ್ಕರ ಪರಸ್ಪರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ, ಒಪ್ಪಿಗೆಯಿಲ್ಲದ ಕೃತ್ಯವೂ ಪ್ರಾಣಿಗಳೊಂದಿಗಿನ ಕೃತ್ಯವೂ ಅಪರಾಧವಾಗಿಯೇ ಉಳಿಯುತ್ತವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ 377ನ್ನು ಪೂರ್ತಿ ಕೈಬಿಟ್ಟಿತು. ನ್ಯಾಯಾಲಯ ಜೋಪಾನವಾಗಿ ಉಳಿಸಿದ್ದ ಭಾಗವೂ ಅದರೊಂದಿಗೆ ಹೋಯಿತು. ಪ್ರಾಣಿಯನ್ನು ಕೊಲ್ಲುವ, ಊನಗೊಳಿಸುವ ಕೃತ್ಯಕ್ಕೆ ಹೊಸ ಸಂಹಿತೆಯ 325ನೇ ಸೆಕ್ಷನ್ ಇದೆ. ಅಷ್ಟರ ಮಟ್ಟಿಗೆ ಹೋಗದಿದ್ದರೆ ಉಳಿಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ. ಅದರಲ್ಲಿ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ. 2022ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಆ ಕಾಯ್ದೆಯ ತಿದ್ದುಪಡಿ ಕರಡು ಪಶುಸಂಭೋಗವನ್ನು ಘೋರ ಕ್ರೌರ್ಯದ ಪಟ್ಟಿಗೆ ಸೇರಿಸಿ ಸೆರೆವಾಸವನ್ನೂ ಸೂಚಿಸಿತ್ತು. ಆ ಕರಡನ್ನು ಮತ್ತೆ ಕೈಗೆತ್ತಿಕೊಳ್ಳುವಾಗ ಕೆನಡಾದ ವ್ಯಾಖ್ಯೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಸಂಶಯ ಬಂದಾಗ ವರದಿ ಮಾಡುವ ಪಶುವೈದ್ಯರಿಗೆ ಕಾನೂನಿನ ರಕ್ಷಣೆ ಸಿಗಬೇಕು; ಗಾಯವನ್ನು ಮೊದಲು ಕಾಣುವವರು ಅವರೇ. ಅಪರಾಧ ದಾಖಲೆಗಳಲ್ಲಿ ಇದಕ್ಕೊಂದು ಪ್ರತ್ಯೇಕ ಕಾಲಂ ಇರಬೇಕು. ಅಮೆರಿಕದ ಎಫ್‌ಬಿಐ 2016ರಿಂದ ಪ್ರಾಣಿಗಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ಪ್ರಾಣಿಹಿಂಸೆಯ ಒಂದು ಬಗೆಯಾಗಿ ಬೇರೆಯೇ ಲೆಕ್ಕ ಹಾಕುತ್ತಿದೆ.